ಮನೆಗೆ ಮಾರ್ಫಿನ್ ಬಂದಾಗ: ನೋವನ್ನೂ ಚಟದ ಭಯವನ್ನೂ ನಿಭಾಯಿಸುವ ಬಗೆ

ಮಾರ್ಫಿನ್ ಮಾತ್ರೆ ಮನೆಗೆ ಬಂದ ದಿನ ಸಾಮಾನ್ಯವಾಗಿ ಎರಡು ಮಾತು ಹುಟ್ಟುತ್ತವೆ. ಒಂದು, "ಇದನ್ನ ಕೊಟ್ರು ಅಂದ್ರೆ ಇನ್ನು ಮುಗೀತು." ಇನ್ನೊಂದು, "ಇದರ ಚಟ ಹಿಡಿದ್ರೆ ಏನು ಗತಿ?" ಎರಡರ ಫಲವೂ ಒಂದೇ. ಬರೆದುಕೊಟ್ಟ ಐದು ಡೋಸ್‌ನಲ್ಲಿ ಎರಡೋ ಮೂರೋ ಹೊಟ್ಟೆಗೆ ಹೋಗುತ್ತವೆ, ಉಳಿದ ಹೊತ್ತು ಕ್ಯಾನ್ಸರ್ ರೋಗಿ ಹಲ್ಲು ಕಚ್ಚಿ ಮಲಗಿರುತ್ತಾರೆ. ಅದೇ ಬೀದಿಯಲ್ಲಿ ಇನ್ನೊಬ್ಬರು ಸೊಂಟನೋವಿಗೆಂದು ಮೂರು ವರ್ಷದಿಂದ ದಿನಕ್ಕೆ ನಾಲ್ಕು ಟ್ರಮಡಾಲ್ ನುಂಗುತ್ತಿರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ, ಅದು ‘ಬರೀ ನೋವಿನ ಮಾತ್ರೆ’ ತಾನೆ! ಭಯ ಇರಬೇಕಾದ ಕಡೆ ಇಲ್ಲ, ಬೇಡದ ಕಡೆ ಬೇಕಾದಷ್ಟಿದೆ. ಎರಡೂ ಓಪಿಯಾಯ್ಡ್ ಎಂಬ ಒಂದೇ ವರ್ಗದ ಔಷಧ, ಅಫೀಮಿನ ನಂಟಿನವು.

ಡೋಸ್ ನಿರ್ಧರಿಸುವುದು ವೈದ್ಯರ ಕೆಲಸ. ಹೊತ್ತು, ಎಣಿಕೆ, ಬೀಗ, ಬರವಣಿಗೆ ಮನೆಯವರ ಕೆಲಸ. ಇಲ್ಲಿ ಹೇಳುವುದು ಹೆಚ್ಚಾಗಿ ಈ ಎರಡನೆಯದನ್ನು. ವೈದ್ಯರನ್ನು ಏನು ಕೇಳಬೇಕೆಂದು ಗೊತ್ತಾಗಲಿ ಎಂದು ಮಾತ್ರ ಮೊದಲನೆಯದು.

ಮೊದಲು ನೋವು ಯಾವುದೆಂದು ತಿಳಿಯಿರಿ

ಚಟದ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು: ಈ ನೋವಿಗೆ ಓಪಿಯಾಯ್ಡ್ ಕೆಲಸ ಮಾಡುತ್ತದೆಯೇ? ಗಡ್ಡೆ ಒತ್ತುವುದರಿಂದ ಬರುವ ನೋವು, ಕರುಳು ಪಿತ್ತಕೋಶದ ಕ್ಯಾನ್ಸರ್ ನೋವು, ಹುಣ್ಣಾದ ಗಡ್ಡೆಯ ನೋವು ಮಾರ್ಫಿನ್‌ಗೆ ಚೆನ್ನಾಗಿ ಬಗ್ಗುತ್ತವೆ. ಮೂಳೆಗೆ ಹರಡಿದ ಕ್ಯಾನ್ಸರ್ ಅರ್ಧಂಬರ್ಧ ಬಗ್ಗುತ್ತದೆ. ಅಲ್ಲಿ ಮಾರ್ಫಿನ್ ಏರಿಸುತ್ತಲೇ ಹೋಗುವ ಬದಲು 8 ಗ್ರೇ (ರೇಡಿಯೇಷನ್‌ನ ಅಳತೆ) ಪ್ರಮಾಣದ ಒಂದೇ ಬಾರಿಯ ರೇಡಿಯೇಷನ್ ಆಗುತ್ತದೆಯೇ ಎಂದು ಕೇಳಿ. ಎಷ್ಟೋ ಮಂದಿಗೆ ಅದರಿಂದ ಮಾತ್ರೆಯೇ ಕಡಿಮೆಯಾಗುತ್ತದೆ. ಉರಿ, ಕರೆಂಟ್ ಹೊಡೆದಂತೆ ಚುಳುಕು, ಬಟ್ಟೆ ತಾಗಿದರೂ ಸಹಿಸಲಾಗದಿರುವುದು, ಇವು ನರದ ನೋವಿನ ಗುರುತು. ಇದಕ್ಕೆ ರಾತ್ರಿ 10 ಅಥವಾ 25 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್, ಇಲ್ಲವೇ ನಿಧಾನವಾಗಿ ಏರಿಸುವ ಗ್ಯಾಬಪೆಂಟಿನ್ ಜೊತೆಗೆ ಬೇಕಾಗುತ್ತದೆ. ವೈದ್ಯರ ಮುಂದೆ "ತುಂಬಾ ನೋವು" ಎಂದಷ್ಟೇ ಹೇಳಬೇಡಿ. ಎಲ್ಲಿ, ಹೇಗೆ, ಯಾವಾಗ ಜಾಸ್ತಿ ಎಂಬ ಮೂರನ್ನೂ ಹೇಳಿ.

ಇನ್ನು ಮಂಡಿ ಸವೆತ, ಹಳೆಯ ಸೊಂಟನೋವು, ಮೈತುಂಬಾ ಹರಡಿದ ನೋವು, ತಲೆನೋವು. ಇಲ್ಲಿ ಓಪಿಯಾಯ್ಡ್ ಬಡ ಔಷಧ. 2018ರಲ್ಲಿ ಅಮೆರಿಕದಲ್ಲಿ 240 ಮಂದಿ ಸೊಂಟ, ಮಂಡಿ, ಚಪ್ಪೆಕೀಲು ನೋವಿನವರನ್ನು ಎರಡು ಗುಂಪು ಮಾಡಿ ವರ್ಷವಿಡೀ ನೋಡಿದರು. ಓಪಿಯಾಯ್ಡ್ ಪಡೆದವರ ಓಡಾಟ ಬೇರೆ ಮಾತ್ರೆ ಪಡೆದವರಿಗಿಂತ ಸುಧಾರಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ತಲೆನೋವಿಗೆ ತಿಂಗಳಲ್ಲಿ 10 ದಿನ ಅಥವಾ ಅದಕ್ಕಿಂತ ಹೆಚ್ಚು ಓಪಿಯಾಯ್ಡ್ ತೆಗೆದುಕೊಂಡರೆ ಮಾತ್ರೆಯೇ ತಲೆನೋವು ತರಬಹುದು. ಅಂದರೆ ಚಟದ ಅಪಾಯ ಕಟ್ಟಿಕೊಂಡರೂ ಇಲ್ಲಿ ಲಾಭ ಸಿಗುವುದು ಕಡಿಮೆ. ಕೆಲವರಿಗೆ ಬೇರೆಲ್ಲ ದಾರಿ ಮುಗಿದ ಮೇಲೆ ಸಣ್ಣ ಡೋಸ್ ಉಪಯೋಗವಾಗಬಹುದು. ಆದರೆ ಅದನ್ನು ನಾಲ್ಕು ವಾರದ ಪರೀಕ್ಷೆ ಎಂದೇ ಶುರುಮಾಡಬೇಕು. ಬಚ್ಚಲಿಗೆ ತಾವೇ ಹೋಗುವುದು, ಬಸ್ಸು ಹತ್ತುವುದು, ಅರ್ಧ ಗಂಟೆ ಕೂತು ಊಟ ಮಾಡುವುದು, ಹೀಗೆ ಒಂದು ಗುರಿ ಮೊದಲೇ ಬರೆದಿಟ್ಟುಕೊಳ್ಳಿ. ತಿಂಗಳಾದರೂ ಅದು ಆಗದಿದ್ದರೆ ಮಾತ್ರೆ ನಿಲ್ಲಿಸುವ ಮಾತು ಬರಬೇಕು, ಏರಿಸುವ ಮಾತಲ್ಲ.

ಗಡಿಯಾರ ನೋಡಿ ಕೊಡಿ

ಸಾಮಾನ್ಯ ಮಾರ್ಫಿನ್ ಮಾತ್ರೆ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಶುರುಮಾಡಿ, ಒಂದು ಗಂಟೆಗೆ ತುದಿ ಮುಟ್ಟಿ, ನಾಲ್ಕು ಗಂಟೆಗೆ ಇಳಿಯುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ. ನಮ್ಮಲ್ಲಿ ರೂಢಿಯಲ್ಲಿರುವ ಹೊತ್ತು ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ 2ಕ್ಕೆ ಎಬ್ಬಿಸದಿರಲು ರಾತ್ರಿ 10ರದ್ದನ್ನು ದುಪ್ಪಟ್ಟು ಬರೆಯುತ್ತಾರೆ. ಬರೆದಿದ್ದರೆ ಮಾತ್ರ ದುಪ್ಪಟ್ಟು; ನೀವಾಗಿಯೇ ಮಾಡುವಂತಿಲ್ಲ. ಮೊದಲ ಬಾರಿಗೆ ಸಾಮಾನ್ಯವಾಗಿ 5 ಮಿ.ಗ್ರಾಂ., ಅಂದರೆ 10ರ ಮಾತ್ರೆಯ ಅರ್ಧ. ತೀರಾ ವಯಸ್ಸಾದವರಿಗೆ, ಸೊರಗಿದವರಿಗೆ 2.5. ಕಿಡ್ನಿ ಸೋತವರಲ್ಲಿ ಮಾರ್ಫಿನ್ ಒಡೆದು ಉಳಿಯುವ ಅಂಶ ಮೈಯಲ್ಲೇ ಶೇಖರವಾಗುತ್ತದೆ. ಅವರಿಗೆ ಡೋಸ್ ಕಡಿಮೆ, ಅಂತರ ಹೆಚ್ಚು, ಅಥವಾ ಬೇರೆ ಔಷಧವೇ ಬೇಕು. ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಮೊದಲ ದಿನವೇ ತೋರಿಸಿ.

"ನೋವು ಬಂದಾಗ ಕೊಡೋಣ, ಉಳಿಸಿದಷ್ಟು ಒಳ್ಳೇದು" ಎನ್ನುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ನೋವು ಏರಿದ ಮೇಲೆ ಇಳಿಸಲು ಹೆಚ್ಚು ಮಾತ್ರೆ ಬೇಕು. ಜೊತೆಗೆ ರೋಗಿ ನೋವಿಗೆ ಹೆದರಿ ದಿನವಿಡೀ ಮುಂದಿನ ಮಾತ್ರೆಯನ್ನೇ ಕಾಯುತ್ತಾ ಕೂರುತ್ತಾರೆ. ಚಟವೆಂದು ಮನೆಯವರು ಹೆದರುವ ನಡವಳಿಕೆ ಎಷ್ಟೋ ಸಲ ಹುಟ್ಟುವುದು ಹೀಗೆಯೇ.

ನಡುವೆ ನೋವು ಚಿಮ್ಮಿದರೆ ಕೊಡಲು ಒಂದು ಹೆಚ್ಚುವರಿ ಡೋಸ್ ಬರೆಸಿಕೊಂಡಿರಿ. ಅದರ ಲೆಕ್ಕ ದಿನದ ಒಟ್ಟು ಮೊತ್ತದ ಆರನೇ ಒಂದು ಭಾಗ. ಉದಾಹರಣೆಗೆ ನಾಲ್ಕು ಹೊತ್ತು 10, ರಾತ್ರಿ 20 ಕೊಡುತ್ತಿದ್ದರೆ ಒಟ್ಟು 60. ಹೆಚ್ಚುವರಿ ಡೋಸ್ 10. ದಿನಕ್ಕೆ ಮೂರು ಸಲ ಹೆಚ್ಚುವರಿ ಬೇಕಾಯಿತೆಂದರೆ ಒಟ್ಟು 90 ಆಯಿತು. ಆ ಲೆಕ್ಕವನ್ನು ಫೋನಿನಲ್ಲಿ ಹೇಳಿದರೆ ವೈದ್ಯರು ಅದನ್ನು ಆರರಿಂದ ಭಾಗಿಸಿ ನಾಲ್ಕು ಗಂಟೆಯ ಡೋಸನ್ನು 15 ಮಾಡಬಹುದು. ಹೆಚ್ಚುವರಿ ಕೊಟ್ಟರೆಂದು ಮುಂದಿನ ಹೊತ್ತಿನ ಡೋಸ್ ಬಿಡಬೇಡಿ. ಒಂದು ಹೊತ್ತು ಮರೆತರೆ ನೆನಪಾದಾಗ ಒಂದನ್ನು ಕೊಡಿ, ಎರಡನ್ನು ಸೇರಿಸಿ ಕೊಡಬೇಡಿ.

ನುಂಗಲಾಗದಿದ್ದರೆ ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬಹುದು, ಮೂಗಿನ ನಳಿಕೆಯಲ್ಲೂ ಹಾಕಬಹುದು. ಆದರೆ ಸ್ಟ್ರಿಪ್ ಮೇಲೆ ಎಸ್‌ಆರ್ ಅಥವಾ ಸಿಆರ್ (ನಿಧಾನವಾಗಿ ಔಷಧ ಬಿಡುವ ಮಾತ್ರೆ) ಎಂದಿದ್ದರೆ ಪುಡಿ ಮಾಡಲೇಬಾರದು, 12 ಗಂಟೆಯ ಔಷಧ ಒಂದೇ ಏಟಿಗೆ ರಕ್ತಕ್ಕೆ ಸೇರುತ್ತದೆ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ (ಇದೂ ಓಪಿಯಾಯ್ಡ್) ಪಟ್ಟಿಗೂ ಇದೇ ಎಚ್ಚರ. ಅದು 72 ಗಂಟೆಯದು, ಕೆಲಸ ಶುರುವಾಗಲು 12ರಿಂದ 24 ಗಂಟೆ ಬೇಕು, ಓಪಿಯಾಯ್ಡ್ ಹೊಸದಾಗಿ ಶುರುಮಾಡುವವರಿಗೆ ಅದನ್ನು ಹಾಕಬಾರದು. ಪಟ್ಟಿ ಇರುವ ಜಾಗಕ್ಕೆ ಬಿಸಿನೀರಿನ ಚೀಲ ಇಡುವುದು, ಹಂಡೆಯ ಬಿಸಿನೀರು ಹುಯ್ಯುವುದು ಅಪಾಯ. ಶಾಖಕ್ಕೆ ಔಷಧ ಬೇಗ ಒಳಗಿಳಿಯುತ್ತದೆ. ಹೊಸದು ಅಂಟಿಸುವ ಮೊದಲು ಹಳೆಯದನ್ನು ಕಿತ್ತಿರಾ ಎಂದು ನೋಡಿ. ಬೆನ್ನ ಮೇಲೆ ಮರೆತ ಪಟ್ಟಿಯಿಂದಲೂ ಡೋಸ್ ಮಿತಿಮೀರಬಹುದು.

ಹೊಟ್ಟೆ ಕಟ್ಟುವುದು

ಮಾರ್ಫಿನ್ ಶುರುವಾದ ದಿನವೇ ಭೇದಿಯ ಮಾತ್ರೆಯೂ (ಮಲ ಸಲೀಸಾಗಿಸುವುದು, ಭೇದಿ ನಿಲ್ಲಿಸುವುದಲ್ಲ) ಶುರುವಾಗಬೇಕು. ಉಳಿದ ಅಡ್ಡಪರಿಣಾಮಗಳಿಗೆ ಮೈ ಒಗ್ಗುತ್ತದೆ. ವಾಕರಿಕೆ ಐದಾರು ದಿನಕ್ಕೆ, ತೂಕಡಿಕೆ ಎರಡು ಮೂರು ದಿನಕ್ಕೆ ಕಡಿಮೆಯಾಗುತ್ತದೆ. ಮಲಬದ್ಧತೆಗೆ ಮಾತ್ರ ಮೈ ಒಗ್ಗುವುದೇ ಇಲ್ಲ. ಸಾಮಾನ್ಯವಾಗಿ ಬರೆಯುವುದು ರಾತ್ರಿ ಬೈಸಾಕೊಡಿಲ್ 10 ಮಿ.ಗ್ರಾಂ. (5ರ ಎರಡು ಮಾತ್ರೆ), ಸಾಲದಿದ್ದರೆ ಜೊತೆಗೆ ಲ್ಯಾಕ್ಟುಲೋಸ್. ಬೈಸಾಕೊಡಿಲನ್ನು ಹಾಲಿನ ಜೊತೆ ಕೊಡಬೇಡಿ, ಅದರ ಮೇಲಿನ ಲೇಪ ಹೊಟ್ಟೆಯಲ್ಲೇ ಕರಗಿ ನುಲಿತ ಬರುತ್ತದೆ. ಮನೆಯವರು ಥಟ್ಟನೆ ಹಿಡಿಯುವುದು ಇಸಬ್‌ಗೋಲ್. ನೀರು ಕುಡಿಯಲಾಗದ ರೋಗಿಗೆ, ಅದರಲ್ಲೂ ಮಾರ್ಫಿನ್‌ನಿಂದ ಕರುಳು ನಿಧಾನವಾದಾಗ, ಅದು ಒಳಗೇ ಗಟ್ಟಿಯಾಗಿ ಕರುಳನ್ನು ಕಟ್ಟಿಬಿಡಬಹುದು. ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಫೋನ್ ಮಾಡಿ. ಹೊಟ್ಟೆ ಉಬ್ಬಿ ವಾಂತಿಯೂ ಇದ್ದರೆ ಭೇದಿಯ ಮಾತ್ರೆ ನಿಲ್ಲಿಸಿ, ಅದೇ ದಿನ ತೋರಿಸಿ.

ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಎಷ್ಟೋ ಜನ ಮಾರ್ಫಿನ್ ಬಿಡುವುದು ಚಟದ ಭಯಕ್ಕಲ್ಲ, ಹೊಟ್ಟೆ ಕಟ್ಟಿದ್ದಕ್ಕೆ.

ಒಗ್ಗುವುದು ಬೇರೆ, ಚಟ ಬೇರೆ

ಮೂರು ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ. ಮೊದಲಿನ ಡೋಸ್ ಸಾಲದಾಗುವುದು ಒಗ್ಗುವಿಕೆ. ಕ್ಯಾನ್ಸರ್ ರೋಗಿಯಲ್ಲಿ ಡೋಸ್ ಏರಲು ಅದಕ್ಕಿಂತ ಹೆಚ್ಚಾಗಿ ರೋಗ ಬೆಳೆದದ್ದೇ ಕಾರಣವಾಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಮೂಗು ಸೋರುವುದು, ಆಕಳಿಕೆ, ರೋಮಾಂಚನ, ಭೇದಿ, ಹೊಟ್ಟೆ ನುಲಿತ, ನಿದ್ದೆಗೇಡು ಬರುವುದು ಶರೀರದ ಅವಲಂಬನೆ. ಕೆಲವು ವಾರ ತೆಗೆದುಕೊಂಡ ಯಾರಿಗಾದರೂ ಇದು ಬರುತ್ತದೆ, ಇದು ಚಟವಲ್ಲ. ಚಟವೆಂದರೆ ಹಿಡಿತ ತಪ್ಪುವುದು: ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬೇಕೇಬೇಕೆನಿಸುವುದು, ನೋವಿಗಲ್ಲದೆ ಮನಸ್ಸಿನ ಬೇರೆ ಬೇಗೆಗೂ ಅದನ್ನೇ ನುಂಗುವುದು, ಅದಕ್ಕಾಗಿ ಸುಳ್ಳು ಹೇಳುವುದು.

ಮನೆಯಲ್ಲಿ ಗುರುತು ಹಿಡಿಯಲು ಒಂದೇ ಪ್ರಶ್ನೆ ಸಾಕಾಗುತ್ತದೆ: ಮಾತ್ರೆ ಏರಿದಾಗ ಬದುಕು ಹಿಗ್ಗಿತೋ ಕುಗ್ಗಿತೋ? ಡೋಸ್ ಏರಿಸಿದ ಮೇಲೆ ಅಪ್ಪ ಎದ್ದು ಕೂತು ಪೇಪರ್ ಓದಿದರೆ, ಮೊಮ್ಮಕ್ಕಳನ್ನು ಕರೆದರೆ, ಅದು ಔಷಧ ಕೆಲಸ ಮಾಡಿದ ಗುರುತು. ಮೊದಲಿದ್ದ ಹಪಾಹಪಿ ಬರೀ ನೋವಿನದು. ಏರಿಸಿದಷ್ಟೂ ಮಂಕು, ಮಲಗಿದ್ದೇ ಮಲಗಿದ್ದು, ತಿಂಗಳ ಮಾತ್ರೆ 20ನೇ ತಾರೀಖಿಗೆ ಖಾಲಿ, "ಸ್ಟ್ರಿಪ್ ಬಿದ್ದುಹೋಯ್ತು" ಎಂಬ ಮಾತು ಎರಡನೇ ಸಲ, ಎರಡು ಮೂರು ಡಾಕ್ಟರ ಚೀಟಿ, ಇವು ಸೇರಿ ಬಂದರೆ ಕುಳಿತು ಮಾತಾಡಬೇಕು. ಇವುಗಳಲ್ಲಿ ಒಂದೇ ಒಂದು ಕಂಡಿತೆಂದು ಆಪಾದನೆ ಬೇಡ. ಡೋಸ್ ಏರಿಸಿದಷ್ಟೂ ನೋವು ಹರಡಿ, ಮುಟ್ಟಿದರೂ ನೋಯುವಂತಾದರೆ ಅದು ಬೇರೆಯದೇ ಸಂಗತಿ: ಓಪಿಯಾಯ್ಡೇ ನೋವನ್ನು ಹೆಚ್ಚಿಸುತ್ತಿರಬಹುದು. ಆಗ ಡೋಸ್ ಇಳಿಸಬೇಕು ಅಥವಾ ಔಷಧ ಬದಲಿಸಬೇಕು.

ಇಷ್ಟು ಸೂಕ್ಷ್ಮವಾಗಿ ಹೇಳಲು ಕಾರಣವಿದೆ. ‘ಇದು ಚಟವಲ್ಲ, ನೋವು ಸಾಕಷ್ಟು ತಗ್ಗದ ಕಾರಣದ ನಡವಳಿಕೆ’ ಎಂಬ ವಿಚಾರ 1989ರಲ್ಲಿ ಅಮೆರಿಕದಲ್ಲಿ ರಕ್ತಕ್ಯಾನ್ಸರ್‌ನ ಒಬ್ಬ ಹುಡುಗನ ವರದಿಯಿಂದ ಹುಟ್ಟಿತು. ಅಂಥ ರೋಗಿಗೆ ಅದು ಒಪ್ಪುವ ಮಾತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಅದನ್ನೇ ಸೊಂಟನೋವಿನವರಿಗೂ ಎಳೆದರು. ಅದರ ತಯಾರಕರಾದ ಪರ್ಡ್ಯೂ ಫಾರ್ಮಾದವರು 2007ರಲ್ಲಿ ಮತ್ತು 2020ರಲ್ಲಿ ಎರಡು ಸಲ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಆಮೇಲೆ ಲೋಲಕ ಇನ್ನೊಂದು ಕಡೆಗೆ ಹೋಯಿತು. 2016ರ ಅಲ್ಲಿನ ಮಾರ್ಗಸೂಚಿಯಲ್ಲಿದ್ದ ದಿನಕ್ಕೆ (ಮಾರ್ಫಿನ್ ಲೆಕ್ಕದಲ್ಲಿ) 90 ಮಿ.ಗ್ರಾಂ. ಎಂಬ ಎಚ್ಚರಿಕೆಯ ಅಂಕಿಯನ್ನು ಕಾನೂನಿನಂತೆ ಹಿಡಿದು, ವರ್ಷಗಟ್ಟಲೆ ತೆಗೆದುಕೊಂಡವರಿಗೆ ಥಟ್ಟನೆ ನಿಲ್ಲಿಸಿದರು. ಅದರಿಂದಾದ ಅನಾಹುತ ಕಂಡು 2022ರಲ್ಲಿ ಮಾರ್ಗಸೂಚಿಯನ್ನೇ ಬದಲಿಸಬೇಕಾಯಿತು.

ಅಪಾಯವನ್ನು ಶುರುವಿನಲ್ಲೇ ಅಳೆಯಿರಿ

2005ರಿಂದ ಬಳಕೆಯಲ್ಲಿರುವ ಸಣ್ಣ ಪ್ರಶ್ನಾವಳಿಯೊಂದಿದೆ. ಕೇಳುವುದು ಐದೇ ಬಗೆಯ ವಿಷಯ: ಮನೆತನದಲ್ಲಿ ಕುಡಿತ ಅಥವಾ ಮಾದಕವಸ್ತು ಬಳಕೆ, ಸ್ವಂತ ಕುಡಿತ ಅಥವಾ ಬಳಕೆ, ವಯಸ್ಸು 16ರಿಂದ 45ರೊಳಗೆ, ಬಾಲ್ಯದ ಲೈಂಗಿಕ ದೌರ್ಜನ್ಯ, ಮಾನಸಿಕ ಕಾಯಿಲೆ. ಪ್ರತಿಯೊಂದಕ್ಕೂ ಅಂಕವಿದೆ. ಮೊತ್ತ 3ರೊಳಗಿದ್ದರೆ ಅಪಾಯ ಕಡಿಮೆ, 4ರಿಂದ 7 ನಡುವಣ, 8 ಅಥವಾ ಅದರ ಮೇಲಿದ್ದರೆ ಹೆಚ್ಚು. ಹೆಚ್ಚು ಬಂದವರಿಗೆ ಔಷಧವಿಲ್ಲ ಎಂದು ಇದರರ್ಥವಲ್ಲ. ಅವರಿಗೆ ತಿಂಗಳಿನದ್ದರ ಬದಲು ವಾರದ ಮಾತ್ರೆ ಮಾತ್ರ, ಬೀಗದ ಕೀಲಿ ಬೇರೆಯವರ ಬಳಿ, ಭೇಟಿ ಹತ್ತಿರ ಹತ್ತಿರ. ಕುಡಿಯುತ್ತಿದ್ದವರಿಗೂ ಕ್ಯಾನ್ಸರ್ ನೋವು ಅಷ್ಟೇ ನೋಯುತ್ತದೆ. ಅವರ ಕುಡಿತವನ್ನು ವೈದ್ಯರಿಂದ ಮುಚ್ಚಿಟ್ಟರೆ ಮಾತ್ರ ಅಪಾಯ.

ಮಾತ್ರೆ ಅಡುಗೆಮನೆಯ ಕಿಟಕಿಯಲ್ಲಿ, ಟಿವಿ ಮೇಲೆ, ದೇವರಮನೆಯ ಗೂಡಿನಲ್ಲಿ ಇರಬಾರದು. ಬೀರುವಿನ ಒಳಖಾನೆಯಲ್ಲಿ ಬೀಗ ಹಾಕಿಡಿ. ದಿನದ ಐದು ಡೋಸ್ ಮಾತ್ರ ಹೊರಗೆ, ಸಣ್ಣ ಡಬ್ಬಿಯಲ್ಲಿ. ಕೊಡುವವರು ಒಬ್ಬರೇ ಆಗಲಿ. ಇಬ್ಬರಾದರೆ ಇಬ್ಬರೂ ಕೊಟ್ಟುಬಿಡುವ ಸಂಭವ ಉಂಟು. ಗೋಡೆ ಕ್ಯಾಲೆಂಡರಿನಲ್ಲೇ ಆಯಾ ದಿನದ ಚೌಕದಲ್ಲಿ ಮೂರು ವಿಷಯ ಬರೆಯಿರಿ: ಹೆಚ್ಚುವರಿ ಎಷ್ಟು ಕೊಟ್ಟಿರಿ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಮಲವಿಸರ್ಜನೆ ಆಯಿತೇ. ವಾರಕ್ಕೊಮ್ಮೆ ಮಾತ್ರೆ ಎಣಿಸಿ. ಎಣಿಕೆ ತಪ್ಪಿದರೆ ಮೊದಲ ಅನುಮಾನ ರೋಗಿಯ ಮೇಲೆ ಬೇಡ. ಮನೆಗೆ ಬಂದುಹೋಗುವ ಯಾರಾದರೂ ಕೈಹಾಕಿರಬಹುದು.

ಜೊತೆಗೆ ಸೇರಬಾರದ್ದು ಮುಖ್ಯವಾಗಿ ಅಲ್ಪ್ರಜೋಲಂ, ಡಯಾಜೆಪಾಂ, ಕ್ಲೋನಜೆಪಾಂನಂಥ ನಿದ್ದೆ ಮಾತ್ರೆ, ಮದ್ಯ, ಕೊಡೀನ್ ಇರುವ ಕೆಮ್ಮಿನ ಸಿರಪ್. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಕೂಡ ಉಸಿರನ್ನು ಇನ್ನಷ್ಟು ನಿಧಾನ ಮಾಡುತ್ತವೆ. ವೈದ್ಯರು ಗೊತ್ತಿದ್ದೇ ಬರೆದಿದ್ದರೆ ಸರಿ, ಬೇರೆ ಬೇರೆ ಇಬ್ಬರು ಗೊತ್ತಿಲ್ಲದೆ ಬರೆದಿದ್ದರೆ ಅಪಾಯ. ಹಳೆಯ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿ ಕೊಂಡೊಯ್ಯಿರಿ.

ಎಲ್ಲಿ ಸಿಗುತ್ತದೆ

ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಪರವಾನಗಿಯ ರಗಳೆಗೆ ಬೇಸತ್ತು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಗಾಜೀಪುರ, ನೀಮಚ್‌ನ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ದೇಶದಲ್ಲೇ ಕ್ಯಾನ್ಸರ್ ರೋಗಿಗೆ ಮಾತ್ರೆ ಸಿಗದ ಸ್ಥಿತಿ! 2014ರ ತಿದ್ದುಪಡಿಯ ಬೆನ್ನಿಗೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಔಷಧಗಳನ್ನು ಅತ್ಯಗತ್ಯವೆಂದು ಗುರುತಿಸಲಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರು ಮಾನ್ಯ ಮಾಡಿದ ಆಸ್ಪತ್ರೆ, ಆಶ್ರಯಧಾಮಗಳು (ಹಾಸ್ಪಿಸ್) ಅದನ್ನು ಇಟ್ಟು ಕೊಡಬಹುದು. ಬೀದಿಯ ಮೆಡಿಕಲ್ ಸ್ಟೋರ್ ಸುತ್ತಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕರುಣಾಶ್ರಯ ಆಶ್ರಯಧಾಮ, ಉಳಿದೆಡೆ ಕ್ಯಾನ್ಸರ್ ವಿಭಾಗ ಅಥವಾ ಉಪಶಾಮಕ (ನೋವು, ಸಂಕಟ ತಗ್ಗಿಸುವ) ಚಿಕಿತ್ಸೆಯ ಘಟಕವಿರುವ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ರೋಗಿ ಬರಲಾಗದಿದ್ದರೆ ಮನೆಯವರು ರಿಪೋರ್ಟು, ಹಿಂದಿನ ಚೀಟಿ, ಗುರುತಿನ ಚೀಟಿ, ಖಾಲಿ ಸ್ಟ್ರಿಪ್‌ಗಳೊಂದಿಗೆ ಹೋಗಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಐದು ದಿನದ ಮಾತ್ರೆ ಉಳಿದಿರುವಾಗಲೇ ಹೊರಡಿ. ಹಬ್ಬದ ಸಾಲು ರಜೆಯಲ್ಲಿ ಮಾತ್ರೆ ಮುಗಿದರೆ ನೋವು, ಮಾತ್ರೆ ಬಿಟ್ಟಾಗಿನ ತೊಂದರೆ ಎರಡೂ ಒಟ್ಟಿಗೆ ಬರುತ್ತವೆ.

ಟ್ರಮಡಾಲ್ 2018ರ ಏಪ್ರಿಲ್‌ನಿಂದ ಅದೇ ಕಾಯ್ದೆಯಡಿ ಬಂದಿದೆ. ಕೊಲ್ಲಿ ದೇಶಕ್ಕೆ ಹೊರಟ ಕರಾವಳಿಯವರು ಇದನ್ನು ಗಮನಿಸಬೇಕು. ಯುಎಇಯಲ್ಲಿ ಟ್ರಮಡಾಲ್ ನಿಯಂತ್ರಿತ ಔಷಧ, ಮೊದಲೇ ಅನುಮತಿ ಪಡೆಯದೆ ಬ್ಯಾಗಿನಲ್ಲಿಟ್ಟುಕೊಂಡು ಇಳಿಯಬಾರದು.

ವರ್ಷಗಳ ಟ್ರಮಡಾಲ್ ಇಳಿಸುವುದು

ಒಂದೇ ದಿನ ನಿಲ್ಲಿಸಬೇಡಿ. ಟ್ರಮಡಾಲ್ ಬಿಟ್ಟಾಗ ಬರುವ ತೊಂದರೆ ಎರಡು ಬಗೆಯದು: ಅಫೀಮಿನ ವರ್ಗದ ಆಕಳಿಕೆ, ಭೇದಿ, ಮೈಕೈ ನೋವು; ಜೊತೆಗೆ ಕೆಲವರಿಗೆ ದಿಗಿಲು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು. ಹೆಚ್ಚಿದರೆ ಫಿಟ್ಸ್ ಬರುವ ಔಷಧವೂ ಇದೇ. ದಿನಕ್ಕೆ 400 ಮಿ.ಗ್ರಾಂ. ಮೀರುವಂತಿಲ್ಲ, 75 ದಾಟಿದವರಿಗೆ 300.

ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10ರಷ್ಟು ಇಳಿಸುವುದು ತಾಳುವ ವೇಗ. 50ರ ನಾಲ್ಕು ಕ್ಯಾಪ್ಸೂಲ್‌ನಲ್ಲಿ ಒಂದನ್ನು ಬಿಟ್ಟರೆ ಒಮ್ಮೆಗೇ ಕಾಲು ಭಾಗ ಇಳಿಯಿತು, ಅಲ್ಲೇ ಬಹಳ ಜನ ಸೋಲುವುದು. ವೈದ್ಯರನ್ನು ಹೀಗೆ ಕೇಳಿ: ಒಂದು ಕ್ಯಾಪ್ಸೂಲ್ ಬದಲು ಟ್ರಮಡಾಲ್ 37.5, ಪ್ಯಾರಸಿಟಮಾಲ್ 325 ಇರುವ ಜೋಡಿ ಮಾತ್ರೆ ಕೊಡಬಹುದೇ? ಒಂದು ಬದಲಾವಣೆಗೆ 12.5 ಮಾತ್ರ ಇಳಿಯುತ್ತದೆ. ಒಂದೊಂದಾಗಿ ನಾಲ್ಕನ್ನೂ ಬದಲಿಸಿದರೆ 200ರಿಂದ 150. ಆಮೇಲೆ ಜೋಡಿ ಮಾತ್ರೆಯನ್ನೇ ಅರ್ಧ ಮಾಡುತ್ತಾ ಬರಬಹುದು. ಜೊತೆಗೆ ಬೇರೆ ಪ್ಯಾರಸಿಟಮಾಲ್ ನುಂಗುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಮೈ ತಡೆಯದಿದ್ದರೆ ಇದ್ದಲ್ಲೇ ಒಂದೆರಡು ವಾರ ನಿಲ್ಲಿ, ಹಿಂದಕ್ಕೆ ಏರಬೇಡಿ. ಮದುವೆ, ಮನೆ ಬದಲಾವಣೆಯ ತಿಂಗಳಲ್ಲಿ ಇಳಿಸುವ ಸಾಹಸವೇ ಬೇಡ. ನಡುವೆ ಪೂರ್ತಿ ಬಿಟ್ಟು ಕೆಲವು ವಾರದ ಮೇಲೆ ಮತ್ತೆ ಶುರುಮಾಡುವವರು ಹಳೆಯ ಡೋಸ್ ನುಂಗಬಾರದು. ಮೈ ಆ ಮೊತ್ತವನ್ನು ಮರೆತಿರುತ್ತದೆ, ಆಗಲೇ ಸಾವು ಸಂಭವಿಸುವುದು.

ಇಳಿಸಲಾಗದೆ ಹಿಡಿತ ತಪ್ಪಿದೆ ಎನಿಸಿದರೆ ಅದಕ್ಕೂ ಚಿಕಿತ್ಸೆ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವಿದೆ. 14446 ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ, 14416 ಟೆಲಿ-ಮಾನಸ್, ಎರಡಕ್ಕೂ ದುಡ್ಡಿಲ್ಲ. ಬುಪ್ರೆನಾರ್ಫಿನ್ ನಾಲಿಗೆಯಡಿಯ ಮಾತ್ರೆ ಚಟದ ತುಡಿತವನ್ನೂ ನೋವನ್ನೂ ಒಟ್ಟಿಗೆ ತಗ್ಗಿಸುತ್ತದೆ. ಮಾರ್ಫಿನ್ ಮೈಯಲ್ಲಿರುವಾಗಲೇ ಅದನ್ನು ಶುರುಮಾಡಿದರೆ ಬಿಟ್ಟ ತೊಂದರೆ ಒಮ್ಮೆಗೇ ಎದ್ದುಬಿಡುತ್ತದೆ. ಆದ್ದರಿಂದ ಅದರ ಮೊದಲ ಡೋಸ್ ವೈದ್ಯರ ಕಣ್ಣೆದುರೇ ಆಗಬೇಕು.

ಹೆಚ್ಚಾದದ್ದು ಗೊತ್ತಾಗುವುದು ಹೇಗೆ

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಮಾರ್ಫಿನ್ ತೆಗೆದುಕೊಳ್ಳುವ ಎಲ್ಲರಲ್ಲೂ ಉಂಟು, ಅದೊಂದಕ್ಕೇ ಗಾಬರಿ ಬೇಡ. ನೋಡಬೇಕಾದದ್ದು ಎಚ್ಚರ ಮತ್ತು ಉಸಿರು. ಹೆಸರು ಹಿಡಿದು ಕೂಗಿ, ಭುಜ ಅಲ್ಲಾಡಿಸಿ. ಕಣ್ಣು ಬಿಟ್ಟು ಉತ್ತರಿಸಿದರೆ ಅದು ನಿದ್ದೆ. ನೋವಿನಿಂದ ವಾರಗಟ್ಟಲೆ ಮಲಗದವರು ಮೊದಲೆರಡು ದಿನ ಹೀಗೆ ಮಲಗುವುದು ಸಹಜ. ಎಬ್ಬಿಸಿದರೂ ಏಳದೆ, ಒಂದು ನಿಮಿಷ ಪೂರ್ತಿ ಎಣಿಸಿದಾಗ ಉಸಿರು ಎಂಟಕ್ಕಿಂತ ಕಡಿಮೆ ಇದ್ದು, ಗೊರಗೊರ ಸದ್ದಿದ್ದರೆ 108ಕ್ಕೆ ಕರೆಮಾಡಿ. ಮಗ್ಗುಲಾಗಿ ಮಲಗಿಸಿ, ಪಟ್ಟಿ ಇದ್ದರೆ ಕಿತ್ತುಹಾಕಿ, ಮಾತ್ರೆಯ ಸ್ಟ್ರಿಪ್ ಜೊತೆಗೆ ಒಯ್ಯಿರಿ. ಆಸ್ಪತ್ರೆಯಲ್ಲಿ ಕೊಡುವ ನಲೋಕ್ಸೋನ್ ನಿಮಿಷಗಳಲ್ಲಿ ಎಬ್ಬಿಸುತ್ತದೆ. ಆದರೆ ಅದರ ಪ್ರಭಾವ ಒಂದೂವರೆ ಗಂಟೆಯೊಳಗೇ ಇಳಿದುಹೋಗಬಹುದು, ಎಸ್‌ಆರ್ ಮಾತ್ರೆ, ಪಟ್ಟಿಗಳದ್ದು ಅದಕ್ಕಿಂತ ಉದ್ದ. ಎದ್ದರೆಂದು ಕೂಡಲೇ ಮನೆಗೆ ಕರೆತರಬೇಡಿ.

ಕೈಕಾಲು ಜಗ್ಗುವುದು, ಇಲ್ಲದ್ದು ಕಾಣುವುದು, ಗೊಂದಲ, ಇವು ಡೋಸ್ ಏರಿಸದೆಯೂ ಬಂದರೆ ನೀರು ಸಾಲದೆ ಅಥವಾ ಕಿಡ್ನಿ ಸೋತು ಮಾರ್ಫಿನ್ ಶೇಖರವಾದ ಗುರುತು. ಮುಂದಿನ ಡೋಸ್‌ಗೆ ಮೊದಲು ಫೋನ್ ಮಾಡಿ. ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ಉಸಿರು ನಿಂತು ನಿಂತು ಬರುವುದು ಮಾತ್ರ ಸಾವಿನ ಸಹಜ ಕ್ರಮ. ಆಗ ಎಲ್ಲಿಗೆ ಒಯ್ಯಬೇಕು, ಒಯ್ಯಬೇಕೇ ಬೇಡವೇ ಎಂದು ಚಿಕಿತ್ಸೆಯ ತಂಡದವರೊಡನೆ ಮೊದಲೇ ಮಾತಾಡಿಕೊಂಡಿರಿ.

ಉಳಿದ ಮಾತ್ರೆ

ರೇಡಿಯೇಷನ್‌ನಿಂದ ನೋವು ಹೋಗಿ ಮಾತ್ರೆ ಉಳಿಯಬಹುದು, ರೋಗಿ ತೀರಿಕೊಂಡೂ ಉಳಿಯಬಹುದು. ಪಕ್ಕದ ಮನೆಯ ಅಜ್ಜಿಯ ಮಂಡಿನೋವಿಗೆ ಎರಡು ಕೊಡುವುದು ನಮ್ಮಲ್ಲಿ ಸಹಜವೆನಿಸಿದರೂ, ಮಾರ್ಫಿನ್ ಕಾಣದ ಮೈಗೆ ಕ್ಯಾನ್ಸರ್ ರೋಗಿಯ 30 ಮಿ.ಗ್ರಾಂ. ಒಂದೇ ಡೋಸ್ ಉಸಿರು ನಿಲ್ಲಿಸಬಹುದು. ಹನ್ನೊಂದನೆಯ ದಿನದ ಕೆಲಸಗಳ ಮೊದಲೇ ಮಾತ್ರೆ ಎಣಿಸಿ, ಸಂಖ್ಯೆಯನ್ನು ಚೀಟಿಯ ಹಿಂದೆ ಬರೆದು, ಕೊಟ್ಟ ಕೇಂದ್ರಕ್ಕೇ ಹಿಂತಿರುಗಿಸಿ ಸಹಿ ಪಡೆಯಿರಿ. ಮನೆ ತುಂಬಾ ನೆಂಟರಿರುವ ದಿನಗಳಲ್ಲಿ ಬೀರುವಿನ ಬೀಗ ತೆರೆದಿರದಂತೆ ನೋಡಿಕೊಳ್ಳಿ. ಬಳಸಿದ ಫೆಂಟನಿಲ್ ಪಟ್ಟಿಯಲ್ಲಿ ಮೂರು ದಿನದ ಮೇಲೂ ಔಷಧ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿ ಹಾಕಿ, ಮಾತ್ರೆಯ ಜೊತೆಯಲ್ಲೇ ಒಯ್ಯಿರಿ.